ಕೂರಲು ಜಾಗ ಸಿಕ್ಕಿದ ನಕ್ಷತ್ರ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ, ಯಾವ ಕಡೆ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳುತ್ತಿದ್ದವು. ಅತ್ತೆ ಸೊಸೆಯರ ಜಗಳ ಮಾತ್ರ ಆಗಲೇ ಹಳೆಯದಾಗಿತ್ತು.

ಆಕಾಶದ ನಕ್ಷತ್ರಗಳಿಗೆಲ್ಲ ಆಗ ಒಂದೇ ಕೆಲಸ. ಮೂಡಣದಲ್ಲಿ ಏಳಬೇಕು, ಪಡುವಣದವರೆಗೆ ನಡೆಯಬೇಕು, ಬೆಟ್ಟದ ಹಿಂದೆ ಇಳಿಯಬೇಕು. ಮಾರನೆಯ ದಿನ ಮತ್ತೆ ಏಳಬೇಕು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಲೆಂದು ನಿಂತರೆ ಹಿಂದಿನವರು ಬಂದು ಬೆನ್ನಿಗೆ ಹಾಯುತ್ತಿದ್ದರು.

ಆ ಸಾಲಿನಲ್ಲಿ ಮಿಣುಕವ್ವ ಎಂಬ ನಕ್ಷತ್ರ ಇದ್ದಳು. ದೊಡ್ಡ ಹೊಳಪಿನವಳಲ್ಲ. ನಡೆದು ನಡೆದು ದಣಿದಿದ್ದಳು. ಅವಳಿಗೆ ಬೇಕಾದದ್ದು ಒಂದೇ, ಕೂರಲು ಒಂದು ಜಾಗ.

ಅವಳು ಗಾಳಿಯನ್ನು ಕೇಳಿದಳು. "ಗಾಳಿಯಣ್ಣ, ಊರೆಲ್ಲ ಸುತ್ತಿದ್ದೀಯ. ಕೂರೋಕೆ ಎಲ್ಲಾದರೂ ಜಾಗ ಕಂಡಿದ್ದೀಯಾ?"

"ನಾನು ಕೂತರೆ ಆಮೇಲೆ ನನ್ನನ್ನ ಗಾಳಿ ಅಂತ ಯಾರು ಕರೀತಾರಮ್ಮ?" ಎಂದು ಗಾಳಿ ನಿಲ್ಲದೆ ಹೋಯಿತು.

ನದಿಯನ್ನು ಕೇಳಿದಳು. "ಕೂತ ನದೀನ ಕೆರೆ ಅಂತಾರೆ," ಎಂದಿತು ನದಿ. "ನಮ್ಮ ಮನೆತನಕ್ಕೆ ಅದು ಒಗ್ಗಲ್ಲ."

ಚಂದ್ರನನ್ನು ಕೇಳಿದಳು. "ನನ್ನನ್ನೇನು ಕೇಳ್ತೀಯ, ತಾಯಿ," ಎಂದ ಅವನು. "ಒಂದು ರಾತ್ರಿ ರಜಾ ಬೇಕು ಅಂದರೆ ನಾನು ಹುಣ್ಣಿಮೆಯಿಂದಲೇ ಕರಗೋಕೆ ಶುರು ಮಾಡಬೇಕು."

ಸಪ್ತರ್ಷಿಗಳು ಇದನ್ನೆಲ್ಲ ಕೇಳಿಸಿಕೊಂಡು ಗಡ್ಡ ನೀವಿಕೊಂಡರು. "ನಡೆಯುವುದೇ ಧರ್ಮ, ತಂಗಿ," ಎಂದರು ಮೊದಲನೆಯವರು. ಉಳಿದ ಆರು ಜನ ಅದನ್ನೇ ಒಬ್ಬರಾದ ಮೇಲೊಬ್ಬರು ಹೇಳಿದರು. ಆಮೇಲೆ ಏಳೂ ಜನ ಬೆಟ್ಟದ ಹಿಂದೆ ಇಳಿದು ತಪಸ್ಸಿಗೆ ಕೂತರು. ಆ ತಪಸ್ಸಿನ ಗೊರಕೆ ಮೂರು ಊರಿಗೆ ಕೇಳಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಗಿನ ಜಾವ ಮಿಣುಕವ್ವ ಪಡುವಣ ಬೆಟ್ಟದ ಮೇಲೆ ಮೊಣಕೈ ಊರಿ, ಇಳಿಯುವ ಮುಂಚೆ ಒಂದು ಗಳಿಗೆ ಸುಧಾರಿಸಿಕೊಳ್ಳುತ್ತಿದ್ದಳು. ಬೆಟ್ಟದ ಬುಡದಲ್ಲಿ ಬೋರಮ್ಮನ ಮನೆ. ಅಂಗಳದಲ್ಲಿ ಬೋರಮ್ಮನ ಸೊಸೆ ಸಣ್ಣಿ ಬೀಸುವ ಕಲ್ಲಿನ ಮುಂದೆ ಕೂತು ರಾಗಿ ಬೀಸುತ್ತಿದ್ದಳು. ಕೆಳಗಲ್ಲು ಸುಮ್ಮನಿತ್ತು. ಮೇಲುಗಲ್ಲು ಗರಗರ ತಿರುಗುತ್ತಿತ್ತು.

ಮೇಲುಗಲ್ಲಿನ ಮೇಲೆ ಎರಡು ಇರುವೆಗಳು ಸಿಕ್ಕಿಕೊಂಡಿದ್ದವು. ಒಂದು ಅಂಚಿನಲ್ಲಿ, ಒಂದು ನಡುವಿನ ಗೂಟದ ಹತ್ತಿರ.

"ಅಯ್ಯಪ್ಪ, ಎಷ್ಟು ದೂರ ಬಂದೆ," ಎಂದಿತು ಅಂಚಿನ ಇರುವೆ, ಏದುಸಿರು ಬಿಡುತ್ತಾ. "ನೀನು ಯಾವಾಗ ಬಂದೆ?"

"ನಿನ್ನ ಜೊತೆಗೇ ಹೊರಟೆ, ನಿನ್ನ ಜೊತೆಗೇ ಬಂದೆ," ಎಂದಿತು ಒಳಗಿನ ಇರುವೆ. "ನನಗೇನೂ ದೂರ ಅನ್ನಿಸಲಿಲ್ಲಪ್ಪ."

ಮಿಣುಕವ್ವ ಮೊಣಕೈ ಸರಿ ಮಾಡಿಕೊಂಡು ಬಗ್ಗಿ ನೋಡಿದಳು. ಸುತ್ತು ಇಬ್ಬರಿಗೂ ಒಂದೇ. ನಡಿಗೆ ಮಾತ್ರ ಒಬ್ಬಳಿಗೆ ಊರಷ್ಟು, ಇನ್ನೊಬ್ಬಳಿಗೆ ಉಗುರಷ್ಟು.

ಅಷ್ಟರಲ್ಲಿ ಸಣ್ಣಿ ಕೈ ನಿಲ್ಲಿಸಿದಳು. "ಅತ್ತೆ, ಇಲ್ಲಿ ಎಲ್ಲಾ ತಿರುಗ್ತವೆ. ಕಲ್ಲು ತಿರುಗ್ತದೆ, ನನ್ನ ಕೈ ತಿರುಗ್ತದೆ, ತಲೆ ತಿರುಗ್ತದೆ. ಈ ನಡುಗೂಟ ಮಾತ್ರ ನಿಮ್ಮ ಮಗನ ಥರ ಕೂತೈತೆ."

"ಅದು ಕೂತಿರೋದಕ್ಕೇ ಕಲ್ಲು ತಿರುಗ್ತಿರೋದು," ಎಂದಳು ಬೋರಮ್ಮ ಒಳಗಿನಿಂದ. "ಬೇಕಾದರೆ ಕಿತ್ತು ನೋಡು."

ಸಣ್ಣಿ ಗೂಟ ಕಿತ್ತು ಬೀಸಿದಳು. ಮೇಲುಗಲ್ಲು ಅತ್ತ ವಾಲಿತು, ಇತ್ತ ಜಾರಿತು, ಕೊನೆಗೆ ಹಿಟ್ಟಿನ ಸಮೇತ ನೆಲಕ್ಕೆ ಬಂತು. ಇರುವೆಗಳು ತಮ್ಮ ತಮ್ಮ ದಾರಿ ಹಿಡಿದವು.

"ಕಂಡೆಯಾ?" ಎಂದಳು ಬೋರಮ್ಮ.

"ಕಂಡೆ. ಅಂದರೆ ನಿಮ್ಮ ಮಗನೂ ಹಂಗೇನಾ?"

"ಅವನನ್ನ ಕಿತ್ತರೆ ಏನೂ ಆಗಲ್ಲ," ಎಂದು ಬೋರಮ್ಮ ಪೊರಕೆ ತಂದುಕೊಟ್ಟಳು.

ಮಿಣುಕವ್ವ ಅವತ್ತು ಬೆಟ್ಟ ಇಳಿಯುವಾಗ ಭೂಮಿಯ ಕಿವಿಯ ಹತ್ತಿರ ಬಾಗಿ ಕೇಳಿದಳು. "ಭೂಮಿತಾಯಿ, ನಮ್ಮ ಈ ತಿರುಗಾಟಕ್ಕೂ ಎಲ್ಲೋ ಒಂದು ನಡುಗೂಟ ಇರಬೇಕಲ್ಲ?"

ಭೂಮಿಗೂ ಸಾಕಾಗಿತ್ತು. "ಮೊದಲು ಒಂದು ಮಾತು," ಎಂದಳು. "ನೀವು ಯಾರೂ ನಡೀತಿಲ್ಲ ಕಣವ್ವ. ತಿರುಗ್ತಿರೋಳು ನಾನು. ಗಿರಗಿರನೆ ತಿರುಗೋ ಮಗೂಗೆ ಮನೆಯೇ ಸುತ್ತ ಓಡಿದ ಹಾಗೆ ಕಾಣಲ್ವಾ, ಇದೂ ಹಾಗೇ."

"ಮತ್ತೆ ನನ್ನ ಕಾಲು ನೋವು?"

"ಅದು ನಿಜವೇ ಇರಬೇಕು. ನಡೆದೆ ಅಂತ ಅನ್ನಿಸಿದರೂ ಕಾಲು ನೋಯುತ್ತೆ."

ಮಿಣುಕವ್ವನಿಗೆ ವಾದ ಮಾಡಲು ಶಕ್ತಿ ಇರಲಿಲ್ಲ. "ಗೂಟ ಎಲ್ಲಿದೆ, ಅಷ್ಟು ಹೇಳು ತಾಯಿ."

"ನನ್ನೊಳಗೇ ಇದೆ. ಇದೆ ಅಂದರೆ, ಮುಟ್ಟೋಕೆ ಹೋದರೆ ಇಲ್ಲ. ಮರದ್ದಲ್ಲ, ಕಬ್ಬಿಣದ್ದಲ್ಲ. ಕೂದಲಷ್ಟು ದಪ್ಪವೂ ಇಲ್ಲ. ಬರೀ ಒಂದು ಗೆರೆ. ನಾನು ಪೂರ್ತಿ ತಿರುಗಿದರೂ ಆ ಗೆರೆ ಮಾತ್ರ ಇದ್ದ ಕಡೆ ಇರುತ್ತೆ. ಓದಿದೋರು ಮುಂದೆ ಅದನ್ನ ಅಕ್ಷ ಅಂತಾರಂತೆ, ಅನ್ನಲಿ. ಅದರ ಒಂದು ತುದಿ ನನ್ನ ನೆತ್ತಿಯಿಂದ ಹೊರಗೆ ಬಂದು ಉತ್ತರದ ಆಕಾಶಕ್ಕೆ ತಾಗುತ್ತೆ. ತಾಗೋ ಜಾಗ ಖಾಲಿ ಇದೆ."

"ಗೂಟ ನೆಟ್ಟಗಿದೆಯಾ?"

"ಸ್ವಲ್ಪ ವಾಲಿದೆ," ಎಂದಳು ಭೂಮಿ. "ನನಗೂ ಸೊಂಟ ಇದೆಯಲ್ಲ."

ಅವತ್ತಿನಿಂದ ಮಿಣುಕವ್ವ ಸಾಲು ಬಿಟ್ಟು, ರಾತ್ರಿಗೊಂದಿಷ್ಟು ಉತ್ತರಕ್ಕೆ ಸರಿಯತೊಡಗಿದಳು. ಸರಿದಷ್ಟೂ ಅವಳ ಸುತ್ತು ಚಿಕ್ಕದಾಯಿತು. ಮೊದಲು ಆಕಾಶದಷ್ಟು ಅಗಲ ಇದ್ದದ್ದು ಕೆರೆಯಷ್ಟಾಯಿತು. ಕೆರೆಯಷ್ಟಿದ್ದದ್ದು ಬಾವಿಯಷ್ಟಾಯಿತು. ಬಾವಿಯಷ್ಟಿದ್ದದ್ದು ಬಳೆಯಷ್ಟಾಯಿತು.

"ಎಲ್ಲಿಗೆ, ತಂಗಿ?" ಎಂದು ಸಪ್ತರ್ಷಿಗಳು ಕೇಳಿದರು.

"ಕೂರೋಕೆ."

"ಕೂತವರು ಕೆಟ್ಟರು," ಎಂದರು ಮೊದಲನೆಯವರು. ಉಳಿದ ಆರು ಜನ ಹೇಳಿ ಮುಗಿಸುವಷ್ಟರಲ್ಲಿ ಮಿಣುಕವ್ವ ತಲುಪಿದ್ದಳು.

ಅವಳು ಕೂತಳು. ಕಾಲು ಚಾಚಿದಳು. ಸುತ್ತಲೂ ಆಕಾಶವೆಲ್ಲ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ನಡುವೆ ಅವಳೊಬ್ಬಳೇ ಕೂತಿದ್ದಳು. ಅಂಥ ಸುಖ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಬೆಳಗಾಗುತ್ತಾ ಬಂತು. ಒಂದೊಂದೇ ನಕ್ಷತ್ರ ಬೆಟ್ಟದ ಹಿಂದೆ ಇಳಿದು ಮಲಗಿತು. ಸಪ್ತರ್ಷಿಗಳು ತಪಸ್ಸಿಗೆ ಹೋದರು. ಮಿಣುಕವ್ವ ತಾನು ಇಳಿಯುವುದನ್ನು ಕಾದಳು. ಇಳಿಯಲಿಲ್ಲ. ಸೂರ್ಯ ಬಂದು ಕಣ್ಣಿಗೆ ಕುಕ್ಕಿದ. ಆಗಲೂ ಇಳಿಯಲಿಲ್ಲ. ಸೂರ್ಯ ಹೋದ. ಕೆಳಗೆ ಮಲಗಿದ್ದವರೆಲ್ಲ ಆಕಳಿಸುತ್ತಾ ಎದ್ದು ಬಂದರು. ಇವಳು ಕೂತೇ ಇದ್ದಳು.

"ತಾಯಿ, ನಾನು ಮುಳುಗೋದು ಯಾವಾಗ?" ಎಂದು ಭೂಮಿಯನ್ನು ಕೇಳಿದಳು.

"ಗೂಟ ಮುಳುಗಿದ್ದನ್ನ ಎಲ್ಲಾದರೂ ಕಂಡಿದ್ದೀಯಾ?"

"ಮತ್ತೆ ನಿದ್ದೆ?"

"ನೀನು ಕೇಳಿದ್ದು ಕೂರೋಕೆ ಜಾಗ," ಎಂದಳು ಭೂಮಿ. "ಮಲಗೋಕೆ ಅಂತ ಕೇಳಲಿಲ್ಲ."

ಇಷ್ಟಾದರೂ ಸುಮ್ಮನಿರಬಹುದಿತ್ತು. ಆದರೆ ಅಲ್ಲಾಡದೆ ಕೂತವರನ್ನು ಜನ ಬಿಡುವುದಿಲ್ಲ. ಕಡಲಿನಲ್ಲಿ ದೋಣಿಯವರು ಅವಳನ್ನು ನೋಡಿ ಉತ್ತರ ಯಾವುದೆಂದು ತಿಳಿದರು. ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಹೋಗುವವರು ತಿಳಿದರು. "ಆ ನಕ್ಷತ್ರ ಎಲ್ಲೂ ಹೋಗಲ್ಲ, ಅದನ್ನ ನಂಬಿ ನಡಿ," ಎಂಬ ಮಾತು ಊರೂರಿಗೆ ಹೋಯಿತು. ಮಿಣುಕವ್ವನನ್ನು ಯಾರೂ ಕೇಳಿರಲಿಲ್ಲ.

ಕೊನೆಗೆ ಒಂದು ರಾತ್ರಿ ಅವಳಿಗೆ ತಡೆಯಲಾಗಲಿಲ್ಲ. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಒಂದೇ ರಾತ್ರಿ, ಯಾರಿಗೆ ಗೊತ್ತಾಗುತ್ತೆ ಎಂದುಕೊಂಡು ಮೆಲ್ಲಗೆ ಎದ್ದು, ಉತ್ತರದ ಗುಡ್ಡದ ಹಿಂದೆ ಇಳಿದು ಮಲಗಿಬಿಟ್ಟಳು.

ಅದೇ ರಾತ್ರಿ ಸಣ್ಣಿ ತವರಿಗೆ ಹೊರಟಿದ್ದಳು. ತವರು ಉತ್ತರಕ್ಕೆ, ದೊಡ್ಡ ಬಯಲಿನಾಚೆ. ಹೆತ್ತವಳು ಹಾಸಿಗೆ ಹಿಡಿದಿದ್ದಾಳೆ, ಬೇಗ ಬಾ ಎಂದು ಹೇಳಿಕಳಿಸಿದ್ದರು. ಹಗಲಿನ ಬಿಸಿಲಿಗೆ ಬಯಲು ದಾಟುವಂತಿರಲಿಲ್ಲ. ಸೊಂಟದಲ್ಲಿ ಕೂಸು, ತಲೆಯ ಮೇಲೆ ರೊಟ್ಟಿ ಗಂಟು. "ಆ ಅಲ್ಲಾಡದ ನಕ್ಷತ್ರಾನ ಮುಂದೆ ಇಟ್ಕೊಂಡು ನಡಿ," ಎಂದು ಬೋರಮ್ಮ ಹೇಳಿದ್ದಳು.

ಸಣ್ಣಿ ಹಾಗೇ ನಡೆದಳು. ಆದರೆ ಅವಳ ಮುಂದಿದ್ದದ್ದು ಬೇರೆ ನಕ್ಷತ್ರ. ಅದು ತನ್ನ ಪಾಡಿಗೆ ತಾನು ಪಡುವಣಕ್ಕೆ ಜಾರುತ್ತಿತ್ತು. ಅದು ಜಾರಿದಂತೆ ಸಣ್ಣಿಯ ದಾರಿಯೂ ಬಾಗಿತು. ಅದು ಇಳಿದ ಮೇಲೆ ಇನ್ನೊಂದನ್ನು ಹಿಡಿದಳು. ಅದೂ ಜಾರಿತು, ದಾರಿ ಇನ್ನಷ್ಟು ಬಾಗಿತು. ರಾತ್ರಿಯಿಡೀ ನಡೆದು, ಬೆಳಕು ಹರಿಯುವಾಗ ಅವಳು ಒಂದು ಮನೆಯ ಮುಂದೆ ಬಂದು ನಿಂತಳು. ಬಾಗಿಲಲ್ಲಿ ಬೋರಮ್ಮ ಇದ್ದಳು.

"ತವರು ಇಷ್ಟು ಬೇಗ ಸಾಕಾಯ್ತಾ?" ಎಂದಳು ಬೋರಮ್ಮ. ಸೊಸೆಯ ಕಾಲು ನೋಡಿದ ಮೇಲೆ ಒಳಗೆ ಹೋಗಿ ನೀರು ಕಾಯಲು ಇಟ್ಟಳು.

ಸಣ್ಣಿ ಜಗಲಿಯ ಮೇಲೆ ಕುಸಿದಳು. ಅಳುವುದಕ್ಕೂ ದಣಿವು ಬಿಡಲಿಲ್ಲ. ಉತ್ತರದ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದಳು. "ನಮ್ಮನೆ ಗೂಟ ಮರದ್ದು. ಅದಕ್ಕೂ ಇಷ್ಟು ನಿಯತ್ತು ಐತೆ. ಅವ್ವ ಕಾಯ್ತಾವಳೆ ನನಗೆ."

ಬೋರಮ್ಮ ಕೂಸನ್ನು ಎತ್ತಿಕೊಂಡು, ಸೊಸೆಯ ಕಾಲಿಗೆ ಬಿಸಿನೀರು ಹುಯ್ದಳು. "ಮಲಕ್ಕೋ. ಇವತ್ತು ರಾಗಿ ನಾನೇ ಬೀಸ್ತೀನಿ. ರಾತ್ರಿ ಮತ್ತೆ ಹೊರಡುವೆಯಂತೆ."

ಗುಡ್ಡದ ಹಿಂದೆ ಮಿಣುಕವ್ವನಿಗೆ ಎಚ್ಚರವಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡಳು. ನಡೆದೂ ನಡೆದೂ ಹೊರಟ ಜಾಗಕ್ಕೇ ಬರುವುದೆಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆಕಾಶದಲ್ಲಿ ಯಾರೂ ಇರಲಿಲ್ಲ.

ಆ ಸಂಜೆ ಕತ್ತಲಾಗುವ ಮುಂಚೆಯೇ ಅವಳು ಓಡೋಡಿ ಬಂದು ಕೂತಳು. ಅವಸರದಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ. ಗೂಟದ ತುದಿಯ ಮೇಲೆ ಕೂರುವ ಬದಲು ಕೂದಲೆಳೆಯಷ್ಟು ಪಕ್ಕಕ್ಕೆ ಕೂತಳು. ಅಷ್ಟು ತಪ್ಪಿದ್ದಕ್ಕೆ ಇಂದಿಗೂ ಅವಳಿಗೆ ಒಂದು ಪುಟ್ಟ ಸುತ್ತು ತಪ್ಪಿಲ್ಲ. ಕೆಳಗಿನವರ ಕಣ್ಣಿಗೆ ಅದು ಕಾಣುವುದಿಲ್ಲ. ಅವಳ ಕಾಲಿಗೆ ಗೊತ್ತು.

ಸಣ್ಣಿ ಆ ರಾತ್ರಿ ಬಯಲು ದಾಟಿದಳು. ಅವಳು ಕದ ತಟ್ಟಿದಾಗ ಒಳಗಿನಿಂದ, "ಯಾಕೆ ಇಷ್ಟು ತಡ, ಮಗಾ?" ಎಂಬ ದನಿ ಬಂತು. ಅದು ಅವಳ ಅವ್ವನದೇ ದನಿ.

"ದಾರಿ ಸ್ವಲ್ಪ ಸುತ್ತಾಯ್ತು ಕಣವ್ವ," ಎಂದಳು ಸಣ್ಣಿ. ನಕ್ಷತ್ರದ ಮೇಲೆ ಚಾಡಿ ಹೇಳಲಿಲ್ಲ.

ಮಿಣುಕವ್ವ ಭೂಮಿಯನ್ನು ಇನ್ನೊಂದು ಸಲ ಮಾತ್ರ ಕೇಳಿದಳು. "ತಾಯಿ, ನಾನು ಹೀಗೇ ಎಷ್ಟು ಕಾಲ?"

"ನನ್ನ ಗೂಟ ಸ್ವಲ್ಪ ಸಡಿಲ ಕಣವ್ವ," ಎಂದಳು ಭೂಮಿ. "ಬೀಳೋಕೆ ಬಂದ ಬುಗುರಿ ಓಲಾಡುತ್ತಲ್ಲ, ಹಾಗೆ ಬಹಳ ನಿಧಾನವಾಗಿ ಓಲಾಡ್ತಿದೆ. ಅದರ ತುದಿ ಒಂದು ದಿನ ಇನ್ನೊಬ್ಬಳ ಹತ್ತಿರ ಹೋಗುತ್ತೆ. ಆಗ ನೀನು ಎದ್ದು ಹೋಗಿ ಮಲಗಬಹುದು."

"ಯಾವಾಗ?"

"ಆಗುತ್ತೆ," ಎಂದಳು ಭೂಮಿ. ಯಾವುದು ಯಾವಾಗ ಆಗುತ್ತದೆಂದು ಕೇಳಿದವರಿಗೆಲ್ಲ ಅವಳು ಇದೇ ಉತ್ತರ ಕೊಡುತ್ತಾಳೆ.

ಅದಕ್ಕೇ ಮಗು, ಇವತ್ತು ರಾತ್ರಿ ತಾರಸಿ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಂತರೆ, ಪಕ್ಕದ ಮನೆಯ ನೀರಿನ ಟ್ಯಾಂಕಿನಿಂದ ಸ್ವಲ್ಪ ಮೇಲೆ ಕೂತಿರುವ ಆ ಒಂದು ನಕ್ಷತ್ರ ಮಾತ್ರ, ಮಿಕ್ಕವೆಲ್ಲ ತನ್ನನ್ನು ಸುತ್ತಿ ಮಲಗಲು ಹೋಗುತ್ತಿದ್ದರೂ ಕೂತಲ್ಲೇ ಕೂತು, ನಿದ್ದೆ ಬಾರದಿರಲೆಂದು ಕಣ್ಣು ಮಿಟುಕಿಸುತ್ತಿರುತ್ತದೆ.