ಬಾಗಿಲಿಲ್ಲದ ಗೊಂಬೆಮನೆ

ನರಿರಾಯ ಮಾರುವ ಗೊಂಬೆಮನೆ ಎಂದರೆ ಕಾಡಿಗೆ ಕಾಡೇ ಹುಚ್ಚು. ಅದರೊಳಗೆ ಮಣ್ಣಿನ ಗೊಂಬೆಗಳು ತಾವಾಗಿಯೇ ಉಣ್ಣುತ್ತಿದ್ದವು, ಜಗಳವಾಡುತ್ತಿದ್ದವು, ಮದುವೆಯಾಗುತ್ತಿದ್ದವು. ಈಗ ಅದರ ಎರಡನೆಯ, ಹೊಸ ಮಾದರಿ ಬಂತು.

"ಗೊಂಬೆ ಸೀನುತ್ತೆ ನೋಡ್ರೋ!" ಎಂದು ಅಳಿಲು ಕುಣಿಯಿತು. "ಹಳೆಯದೇ ಚೆನ್ನಾಗಿತ್ತು" ಎಂದು ಆಮೆ, ಹೊಸದನ್ನು ನೋಡುವ ಮೊದಲೇ ಗೊಣಗಿತು.

ಕಾಗಕ್ಕನಿಗಂತೂ ಮೈಯೆಲ್ಲ ಉರಿದುಹೋಯಿತು. ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತು ಕೊಂಡುತಂದ ಹೊಸ ಮನೆಗೆ ಬಾಗಿಲೇ ಇರಲಿಲ್ಲ. ಬಾಗಿಲು ಬೇಕಾದರೆ ಅದನ್ನು ಬೇರೆಯಾಗಿ ಕೊಳ್ಳಬೇಕಂತೆ! "ಈ ನರಿಯ ಅಂಗಡಿಗೆ ಇನ್ನು ಯಾರೂ ಕಾಲಿಡಬೇಡಿ!" ಎಂದು ಮರದಿಂದ ಮರಕ್ಕೆ ಹಾರಿ ಕೂಗಿದಳು.

ಕೂಗಿ ಕೂಗಿ ಗಂಟಲು ಕಟ್ಟಿದಾಗ ಅವಳಿಗೊಂದು ಉಪಾಯ ಹೊಳೆಯಿತು. ತನ್ನ ಗೊಂಬೆಮನೆಯನ್ನೂ ಹೊತ್ತು ಅಂಗಡಿಗೆ ಹಾರಿಬಂದವಳೇ ಥೇಟ್ ನರಿರಾಯನಂತಿದ್ದ ಗೊಂಬೆಯೊಂದನ್ನು ಕೊಂಡಳು. ಬಾಗಿಲಿಲ್ಲದ ಮನೆಯೊಳಗೆ ಅದನ್ನು ಇಳಿಸಿ, ಮೇಲೆ ಸೂರು ಮುಚ್ಚಿದಳು. ಗೊಂಬೆನರಿ ದಾರಿ ಕಾಣದೆ ಗೋಡೆಗೋಡೆಗೂ ಡಿಕ್ಕಿ ಹೊಡೆಯಿತು. ಕಾಗಕ್ಕ ಬಿದ್ದು ಬಿದ್ದು ನಕ್ಕಳು.

"ನೋಡಿದಿರಾ ನರಿರಾಯರೇ, ನಿಮಗೆ ತಕ್ಕ ಶಾಸ್ತಿ!"

"ಭೇಷ್ ಕಾಗಕ್ಕ!" ಎಂದು ನರಿರಾಯ ಕೈಮುಗಿದ. "ಬೆಳಗಿನಿಂದ ಹೆಚ್ಚು ಮಾರಾಟವಾದದ್ದೇ ಆ ಗೊಂಬೆ. ನನ್ನನ್ನು ಬೈದವರೆಲ್ಲ ಕೊಂಡಿದ್ದಾರೆ. ಮುಂದಿನ ಸಲ, ಕೂಡಿಹಾಕಿದರೆ ಗೋಳೋ ಎಂದು ಅಳುವ ನರಿಯನ್ನೇ ತರುತ್ತೇನೆ."

ಕಾಗಕ್ಕನ ನಗು ಗಕ್ಕನೆ ನಿಂತಿತು. ಪುರ್ರನೆ ಹಾರಿಹೋದಳು. ಎರಡು ಮರ ದಾಟಿದ ಮೇಲೆ ತಿರುಗಿ ಬಂದು, ಬೇರೆ ಯಾರಿಗೂ ಕೇಳಿಸದಂತೆ ನರಿರಾಯನನ್ನು ಮೆಲ್ಲಗೆ ಕೇಳಿದಳು:

"ಅದು ಯಾವತ್ತು ಬರುತ್ತೆ?"