ಚಾಡಿಗೊಂದು ಮೊಟ್ಟೆ

ಇದನ್ನು ನನಗೆ ಮೊದಲು ಹೇಳಿದ್ದು ನಮ್ಮ ಬೀದಿಯ ಅಂಗನವಾಡಿ ಟೀಚರ್ ಯಶೋಧಕ್ಕ.

ಒಂದು ಶಾಲೆಗೆ ಶಿಸ್ತಿನ ಹೆಡ್‌ಮಾಸ್ತರರು ಬಂದರು. ಬಂದವರೇ ಬಿಸಿಯೂಟದ ಅಡುಗೆಯವಳಿಗೆ ಅಪ್ಪಣೆ ಮಾಡಿದರು: "ತಪ್ಪು ಮಾಡಿದ ಮಗುವಿಗೆ ಮೊಟ್ಟೆ ಇಲ್ಲ. ಆ ಮೊಟ್ಟೆ, ಚಾಡಿ ಹೇಳಿದ ಮಗುವಿಗೆ."

"ಮೊಟ್ಟೆ ಇರೋದು ಹೊಟ್ಟೆಗೆ ಸಾರ್, ಶಿಸ್ತಿಗಲ್ಲ."

"ನಿನಗೆ ಕೆಲಸ ಬೇಕೋ ಬೇಡವೋ?"

ಅವಳು ಅಪ್ಪಣೆಯಂತೆಯೇ ಬಡಿಸತೊಡಗಿದಳು. ವಾರದೊಳಗೆ ಮಕ್ಕಳೆಲ್ಲ ಪತ್ತೇದಾರರಾದರು. ಅಣ್ಣನ ಮೇಲೆ ಚಾಡಿ ಹೇಳಿ, ಅವನೆದುರೇ ಅವನ ಮೊಟ್ಟೆಯನ್ನು ತಂಗಿಯೊಬ್ಬಳು ತಿಂದಳು. ಅಂದು ಅಡುಗೆಯವಳು ಮಕ್ಕಳಿಗೆ ಮೆಲ್ಲಗೆ ಹೇಳಿದಳು: "ದೊಡ್ಡವರ ತಪ್ಪು ಹೇಳಿದ್ರೂ ಮೊಟ್ಟೆ ಉಂಟು ಕಣ್ರೋ."

ಮರುದಿನ ತಪಾಸಣೆಗೆ ಬಂದ ಸಾಹೇಬರು ಮಕ್ಕಳ ಜೊತೆಗೇ ಊಟಕ್ಕೆ ಕೂತರು, ಪಕ್ಕದಲ್ಲಿ ಹೆಡ್‌ಮಾಸ್ತರರೂ ಕೂತರು. ಅದೇ ತಂಗಿ ಎದ್ದು ನಿಂತಳು. "ಸಾರ್, ಹೆಡ್‌ಮಾಸ್ತರರು ಕ್ಲಾಸಲ್ಲಿ ಗೊರಕೆ ಹೊಡೀತಾರೆ!"

ಅಡುಗೆಯವಳು ಹೆಡ್‌ಮಾಸ್ತರರ ತಟ್ಟೆಯಿಂದ ಮೊಟ್ಟೆ ಎತ್ತಿ ಹುಡುಗಿಗೆ ಬಡಿಸಿದಳು. "ನಿಯಮ ನಿಮ್ಮದೇ ಅಲ್ವಾ ಸಾರ್?"

ಸಾಹೇಬರು ನಕ್ಕರು. ನಿಯಮ ಅಂದೇ ರದ್ದಾಯಿತು, ಎಲ್ಲರಿಗೂ ಮೊಟ್ಟೆ ಸಿಕ್ಕಿತು.

ಆ ಅಣ್ಣ ಮಾತ್ರ ಈಗಲೂ ತಂಗಿಯ ಪಕ್ಕ ಕೂತು ಉಣ್ಣುವುದಿಲ್ಲವಂತೆ.

ಮಕ್ಕಳನ್ನು ಬಹುಮಾನ ಕೊಟ್ಟು ತಿದ್ದುತ್ತೇನೆ ಅನ್ನುವವರು ಸಿಕ್ಕರೆ, ನೀವೂ ಇದನ್ನು ಹೇಳಿ. ಅಣ್ಣನ ವಿಷಯವನ್ನು ಮಾತ್ರ ಬಿಡಬೇಡಿ.