ಬೆಟ್ಟದ ಲೂಪಿನ್ ಕಂಬಳಿ ಹೊದ್ದದ್ದು

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಒಂದು ಮಧ್ಯಾಹ್ನ ಗಾಳಿರಾಯನಿಗೆ ನಿದ್ದೆ ಬರಲಿಲ್ಲ.

ಇದು ಬಹಳ ದೊಡ್ಡ ಸುದ್ದಿಯಾಯಿತು. ನದಿ ಸದ್ದು ಮಾಡದೆ ಹರಿಯಿತು. ಕಾಗೆಗಳು ಪಿಸುಮಾತಿನಲ್ಲಿ ಜಗಳವಾಡಿದವು. ಮೋಡಗಳು ಗುಂಪುಗುಂಪಾಗಿ ಬಂದು, ಗಾಳಿರಾಯನ ತಲೆದೆಸೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತವು.

ಅದೇ ಮಧ್ಯಾಹ್ನ ಮರಳುಗಾಡಿನಲ್ಲಿ ನೀಲವ್ವ ಎಂಬ ಲೂಪಿನ್ ಗಿಡದಲ್ಲಿ ಕಾಯಿ ಬಲಿಯತೊಡಗಿತು. ಇದು ಸುದ್ದಿಯಾಗಲಿಲ್ಲ.

ಲೂಪಿನ್ ಅಂದರೆ ಅವರೆಯ ದೂರದ ಬಳಗ, ಮಗು. ಬೆರಳು ಬಿಡಿಸಿದ ಅಂಗೈಯಂಥ ಎಲೆ, ಗೋಪುರದ ಹಾಗೆ ಏರುವ ನೀಲಿ ಹೂಗೊಂಚಲು. ಆಗೆಲ್ಲ ಲೂಪಿನ್‌ಗಳು ಎಲ್ಲಿದ್ದರೂ ಒಂದೇ ಥರ ಇದ್ದವು. ನೀಲವ್ವನ ತಾಯಿ ಗುಡ್ಡವ್ವ ಬೆಟ್ಟದ ತುದಿಯಲ್ಲಿದ್ದಳು. ಮಗಳನ್ನು ಮರಳುಗಾಡಿಗೆ ಕೊಟ್ಟಿದ್ದಳು. ಜಾಗ ವಿಶಾಲವಾಗಿದೆ ಎಂದು ಗಂಡಿನ ಕಡೆಯವರು ಹೇಳಿದ್ದರು. ಅದು ಸುಳ್ಳಾಗಿರಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಗಿಡಗಳಲ್ಲೂ ಆಗ ಅದೇ ಪದ್ಧತಿ. ಕಾಯಿ ಬಲಿಯುವ ಹೊತ್ತಿಗೆ ಗಿಡ ಮೆಲ್ಲಗೆ ಬೇರು ಕಿತ್ತುಕೊಂಡು ಗಾಳಿರಾಯನ ಬೆನ್ನೇರಿ ತಾಯಿಯ ಹತ್ತಿರ ಹೋಗುತ್ತಿತ್ತು. ಬಾಣಂತಿಗೆ ಚಳಿಯಾಗಬಾರದೆಂದು ಗುಡ್ಡವ್ವ ಬೆಟ್ಟದ ಮಂಜನ್ನು ನೂತು ಬೆಳ್ಳನೆಯ ಕಂಬಳಿ ನೇಯತೊಡಗಿದ್ದಳು.

ನೀಲವ್ವನ ಮರಳು ಒಣಗುತ್ತಿತ್ತು. ಅವಳ ಗೆಳತಿ ದುಂಬಿ ಗಾಳಿರಾಯನನ್ನು ಕರೆತರಲು ಹಾರಿತು. ದಾರಿಯಲ್ಲಿ ನದಿ, ಇದು ಇಂಥದ್ದೆಲ್ಲ ಕೇಳುವ ಹೊತ್ತಲ್ಲ ಎಂದು ಬುದ್ಧಿ ಹೇಳಿತು. ಮೋಡಗಳು, ಮೊದಲು ಅವರ ಆರೋಗ್ಯ ವಿಚಾರಿಸು, ಆಮೇಲೆ ನಿನ್ನ ಕೆಲಸ ಹೇಳು ಎಂದವು. ದುಂಬಿ ಆರೋಗ್ಯ ವಿಚಾರಿಸಿತು, ಆಮೇಲೆ ಕೆಲಸ ಹೇಳಿತು.

ಗಾಳಿರಾಯ ನಿಟ್ಟುಸಿರಿಟ್ಟ. "ನನ್ನ ಸ್ಥಿತಿ ನೋಡಿಯೂ ಬೆನ್ನು ಕೇಳ್ತೀಯಲ್ಲ! ಹೆರಿಗೆ ಎಲ್ಲರಿಗೂ ಆಗುತ್ತೆ. ಹೀಗೆ ನಿದ್ದೆಗೆಡೋದು ಎಲ್ಲರಿಗೂ ಆಗುತ್ತಾ?"

ಅಲ್ಲಿದ್ದವರೆಲ್ಲ ಆಗುವುದಿಲ್ಲ ಎಂದರು.

ಅಷ್ಟು ಹೇಳಿದ ಆಯಾಸಕ್ಕೋ ಏನೋ, ಗಾಳಿರಾಯನಿಗೆ ನಿದ್ದೆ ಹತ್ತಿತು. ಎಲ್ಲರಿಗೂ ಸಮಾಧಾನವಾಯಿತು. ಯಾರೂ ಅವನನ್ನು ಎಬ್ಬಿಸಕೂಡದೆಂದು ತೀರ್ಮಾನವಾಯಿತು. ಗಾಳಿ ಇಲ್ಲದೆ ಮೋಡಗಳು ಇದ್ದಲ್ಲಿಂದ ಕದಲಲಾರವು. ಹಾಗಾಗಿ ಮರಳುಗಾಡಿಗೆ ಮಳೆಯೂ ಹೋಗಲಿಲ್ಲ.

ದುಂಬಿ ಬೆಟ್ಟಕ್ಕೆ ಹೋಗಿ ಗುಡ್ಡವ್ವನಿಗೆ ಸುದ್ದಿ ಮುಟ್ಟಿಸಿ, ಮತ್ತೆ ಮರಳುಗಾಡಿಗೆ ಬಂತು. ನೀಲವ್ವನ ಎಲೆಗಳು ಜೋತುಬಿದ್ದಿದ್ದವು.

"ಅವ್ವ ಏನಂದ್ಲು?"

"ಕಂಬಳಿ ಮುಗೀತಂತೆ. ದಾರಿ ನೋಡ್ತಾ ಕೂತಾಳೆ."

"ಗಾಳಿರಾಯ?"

"ಗೊರಕೆ ಹೊಡೀತಾ ಇದಾನೆ ಕಣೇ."

ನೀಲವ್ವ ಸ್ವಲ್ಪ ನಕ್ಕಳು. "ಅವ್ವ ಯಾವಾಗಲೂ ಬಿಗಿಯಾಗಿ ನೇಯ್ತಾಳೆ. ಹೊದ್ದರೆ ಉಸಿರು ಕಟ್ಟುತ್ತೆ."

ಬೇರಿನಲ್ಲಿ ಉಳಿದಿದ್ದ ನೀರು ಸ್ವಲ್ಪವೇ. ಅದನ್ನು ಇಟ್ಟುಕೊಂಡರೆ ಗಾಳಿ ಏಳುವ ತನಕ ಅವಳು ಬದುಕಬಹುದಿತ್ತು. ಆದರೆ ಒಳಗಿನ ಬೀಜಗಳು ಎಳಸಾಗಿಯೇ ಸುಟ್ಟುಹೋಗುತ್ತಿದ್ದವು. ಅವಳು ನೀರನ್ನೆಲ್ಲ ಬೀಜಗಳಿಗೆ ಕೊಟ್ಟಳು. ಕೊನೆಯ ಹನಿಯಲ್ಲಿ ಅವಕ್ಕೆ ಕಲ್ಲಿನಂಥ ಸಿಪ್ಪೆ ಕಟ್ಟಿ ಹೇಳಿದಳು:

"ಒಂದು ಹನಿ ಬಿತ್ತು ಅಂತ ಕದ ತೆಗೀಬೇಡಿ. ಜೋರು ಮಳೆ ಬಂದರೂ ಎಲ್ಲರೂ ಒಟ್ಟಿಗೆ ಎದ್ದು ಹೋಗಬೇಡಿ. ಕೆಲವರು ಹೋಗಿ ನೋಡಿ. ಉಳಿದವರು ಒಳಗೇ ಇರಿ. ಯಾರಾದರೂ ಕರ್ಕೊಂಡು ಹೋಗ್ತಾರೆ ಅಂತ ಮಾತ್ರ ಕಾಯಬೇಡಿ."

ಬಿಸಿಲಿಗೆ ಕಾಯಿಗಳು ತಿರುಚಿಕೊಂಡು ಸಿಡಿದವು. ಬೀಜಗಳು ಮರಳಿನ ಮೇಲೆ ದೂರದೂರ ಬಿದ್ದವು. ನೀಲವ್ವ ನಿಂತಲ್ಲೇ ಸತ್ತಿದ್ದಳು.

ಗಾಳಿರಾಯ ಎದ್ದ. ಮುಖದಲ್ಲಿ ಕಳೆ ಬಂದಿದೆ ಎಂದು ಎಲ್ಲರೂ ಹೇಳಿದರು. ಯಾರೋ ಬೆನ್ನು ಕೇಳಿದ್ದು ಅವನಿಗೆ ನೆನಪಾಯಿತು. ನೇರ ಮರಳುಗಾಡಿಗೆ ಹೋಗಿ, ಒಣಗಿದ ನೀಲವ್ವನನ್ನು ಹೊತ್ತುಕೊಂಡು ಬೆಟ್ಟ ಹತ್ತಿ ತಾಯಿಯ ಮುಂದೆ ಇಳಿಸಿದ.

"ಬಹಳ ಹಗುರ ಇದ್ದಳು," ಎಂದ. "ಹೊರೆ ಅನ್ನಿಸಲೇ ಇಲ್ಲ."

ಗುಡ್ಡವ್ವ ಕಡ್ಡಿಯಾಗಿದ್ದ ಮಗಳನ್ನು ಬುಡಕ್ಕೆ ಒರಗಿಸಿಕೊಂಡಳು. ಹೊದಿಸಲು ಬಾಣಂತಿ ಇರಲಿಲ್ಲ, ಕೂಸೂ ಇರಲಿಲ್ಲ. ಕಂಬಳಿಯನ್ನು ತಾನೇ ಹೊದ್ದು, ಎಷ್ಟು ಎಳೆದರೂ ಏಳದಷ್ಟು ಆಳಕ್ಕೆ ಬೇರು ಇಳಿಸಿದಳು. ಆಮೇಲೆ ಯಾವ ಲೂಪಿನ್ ಗಿಡವೂ ಗಾಳಿಯ ಬೆನ್ನೇರಲಿಲ್ಲ. ಗಾಳಿರಾಯ ಇದನ್ನು ಕೃತಘ್ನತೆ ಎಂದು ಕರೆದ.

ನೀನು ಎಂದಾದರೂ ದೂರದ ಎತ್ತರದ ಬೆಟ್ಟಕ್ಕೆ ಹೋದರೆ ಅಂಗೈಯಂಥ ಆ ಎಲೆ ಮುಟ್ಟಿ ನೋಡು, ಮಗು. ಬೆಳ್ಳಿಯಂಥ ನವಿರು ಕೂದಲು ಕೈಗೆ ಸಿಕ್ಕರೆ ಅದು ಬೆಟ್ಟದ ಲೂಪಿನ್. ಹಿಮ ಕರಗಿದ ಮೇಲೆ ವರ್ಷವರ್ಷವೂ ಅದೇ ಬೇರಿನಿಂದ ಚಿಗುರುತ್ತದೆ. ಮರಳುಗಾಡಿನದರ ಎಲೆ ಹಸಿರು, ಕೂದಲು ವಿರಳ. ಅದು ಮಳೆಯ ನಂತರ ಹುಟ್ಟಿ, ಹೂಬಿಟ್ಟು, ಬೀಜ ಸಿಡಿಸಿ, ಬೇಸಿಗೆಗೆ ಮೊದಲು ಸಾಯುತ್ತದೆ.